ಟೂವಿಕ್ಸ್ ವಿಷಯದಲ್ಲಿ ನೀನು ಹೇಳಿದ್ದೇ ಸರಿ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಅಮ್ಮಾ, ನೀನು ಒಂದು ಕೊಲೆಯನ್ನ ಸರಿ ಅಂತಿದೀಯ" ಅಂದೆಯಲ್ಲ, ಆ ಮಾತು ಕೊರೀತಾನೇ ಇತ್ತು. ಎದ್ದು ಕೂತು ಸ್ಟಾರ್ ಟ್ರೆಕ್: ವಾಯೇಜರ್ ಸರಣಿಯ ಆ "ಟೂವಿಕ್ಸ್" ಎಪಿಸೋಡನ್ನು ಮತ್ತೆ ಹಾಕಿದೆ. ನೋಡಿ ಮುಗಿಸಿದಾಗ ಬೆಳಗಿನ ಜಾವ. ಫೋನಿನಲ್ಲಿ ಹೇಳಿದರೆ ನಾವಿಬ್ಬರೂ ಮತ್ತೆ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ಹೇಳಿಬಿಡುತ್ತೇನೆ. ಟೂವಿಕ್ಸ್ ವಿಷಯದಲ್ಲಿ ನೀನು ಹೇಳಿದ್ದೇ ಸರಿ.

ನಾನು ಇಷ್ಟು ವರ್ಷ ಲೆಕ್ಕ ಹಾಕಿದ್ದು ಹೀಗೆ: ಜನರನ್ನು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಟ್ರಾನ್ಸ್‌ಪೋರ್ಟರ್‌ನಲ್ಲಿ ಎಡವಟ್ಟಾಗಿ, ಹಡಗಿನ ಟೂವಾಕ್ ಮತ್ತು ನೀಲಿಕ್ಸ್ ಸೇರಿ ಒಬ್ಬನೇ ಆದರು, ಅವನೇ ಟೂವಿಕ್ಸ್. ಅವನನ್ನು ಬೇರೆ ಮಾಡಿದರೆ ಇಬ್ಬರು ಬದುಕುತ್ತಾರೆ, ಒಬ್ಬ ಹೋಗುತ್ತಾನೆ. ಟೂವಾಕ್‌ಗೆ ಹೆಂಡತಿ ಮಕ್ಕಳಿದ್ದಾರೆ. ಅವರಿಬ್ಬರ ಪರವಾಗಿ ಮಾತಾಡೋಕೆ ಕ್ಯಾಪ್ಟನ್ ಜೇನ್‌ವೇ ಬಿಟ್ಟರೆ ಯಾರಿದ್ದಾರೆ? ಆದರೆ ಈ ಸಲ ನಾನು ಜೇನ್‌ವೇಯನ್ನು ನೋಡಲಿಲ್ಲ, ಟೂವಿಕ್ಸ್‌ನ ಮುಖ ನೋಡಿದೆ. ಹಡಗು ನಡೆಸುವ ಕೋಣೆ, ಅಂದರೆ ಬ್ರಿಜ್ ಮೇಲೆ ನಿಂತು ಒಬ್ಬೊಬ್ಬರನ್ನೇ ನೋಡಿ, ನನಗೆ ಬದುಕಬೇಕು ಅಂತ ಬೇಡಿಕೊಳ್ಳುತ್ತಾನೆ. ಯಾರೂ ಉಸಿರೆತ್ತುವುದಿಲ್ಲ. ಅವನ ಜೊತೆ ಊಟ ಮಾಡಿದವರು, ನಕ್ಕವರು ಎಲ್ಲರೂ ಅಲ್ಲೇ ಇದ್ದಾರೆ. ಹಡಗಿನ ಡಾಕ್ಟರ್, ಮನುಷ್ಯನಲ್ಲ, ಕಂಪ್ಯೂಟರ್ ಮೂಡಿಸಿದ ರೂಪ ಅವನು, ಆಗಲ್ಲ ಅಂದುಬಿಡುತ್ತಾನೆ, ರೋಗಿಯ ಇಷ್ಟಕ್ಕೆ ವಿರುದ್ಧ ಅವನ ಜೀವ ತೆಗೆಯಲಾರೆ ಅಂತ. ಆಗ ಜೇನ್‌ವೇ ತಾನೇ ಆ ಕೆಲಸ ಮಾಡುತ್ತಾಳೆ. ಮುಗಿದ ಮೇಲೆ ಹೊರಗೆ ಬಂದು ಕಾರಿಡಾರಿನಲ್ಲಿ ನಡೆದುಹೋಗುವಾಗ ಅವಳ ಮುಖ ನೋಡು. ಗೆದ್ದವರ ಮುಖ ಅಲ್ಲ ಅದು.

ಬೇರೆಯವರ ಕೈಯಲ್ಲಿ ಮಾಡಿಸದೆ ತನ್ನ ಕೈಯಲ್ಲೇ ಮಾಡಿದಳು ಅನ್ನೋದು ನನಗೆ ದೊಡ್ಡದಾಗಿ ಕಂಡಿತ್ತು. ಈಗಲೂ ಅದು ಸಣ್ಣದಲ್ಲ. ಆದರೆ ಅದರಿಂದ ನಿನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬೇಡ ಅಂದವನ ಜೀವ ತೆಗೆದದ್ದು ತೆಗೆದದ್ದೇ. 1996ರಲ್ಲಿ ಬಂದ ಆ ಒಂದು ಎಪಿಸೋಡಿನ ಬಗ್ಗೆ ಅಭಿಮಾನಿಗಳು ಇವತ್ತಿಗೂ ಬಡಿದಾಡುತ್ತಾರೆ. 2023ರಲ್ಲಿ ಸ್ಟಾರ್ ಟ್ರೆಕ್‌ನದ್ದೇ ಇನ್ನೊಂದು ಸರಣಿ ಲೋವರ್ ಡೆಕ್ಸ್‌ನವರು ಇದನ್ನೇ ಹಿಡಿದು ಇನ್ನೊಂದು ಕಥೆ ಮಾಡಿದರು. ಸುಮ್ನೆ ಅಲ್ಲ ಅದು.

ಇನ್ನು ನೀನು ಹೇಳಿದ ಎರಡನೇ ಮಾತು. "ಜೇನ್‌ವೇಗೆ ಬೆಳವಣಿಗೆಯೇ ಇಲ್ಲ. ವಾರಕ್ಕೊಂದು ಥರ ಇರ್ತಾಳೆ. ಒಂದು ವಾರ ನಿಯಮ ಅಂದರೆ ಪ್ರಾಣ, ಇನ್ನೊಂದು ವಾರ ಅರ್ಧ ಯಂತ್ರದ ಶತ್ರುಗಳು ಬೋರ್ಗ್ ಜೊತೆಗೇ ಒಪ್ಪಂದ." ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಅರ್ಧ ಯಾಕೆ ಅಂದರೆ, ವಾಯೇಜರ್ ಬಂದ ಕಾಲವೇ ಹಾಗಿತ್ತು. 1995ರ ಜನವರಿಯಲ್ಲಿ ಯುಪಿಎನ್ ಅನ್ನೋ ಹೊಸ ಚಾನೆಲ್ ಈ ಸರಣಿಯಿಂದಲೇ ಶುರುವಾಯಿತು. ಯಾವತ್ತು ಯಾರು ನೋಡಿದರೂ ಅರ್ಥ ಆಗಬೇಕು, ಆ ವಾರದ ಕಥೆ ಆ ವಾರವೇ ಮುಗಿಯಬೇಕು. ಹಾಗಾಗಿ ಹಡಗು ಚಿಂದಿಯಾದರೂ ಮುಂದಿನ ವಾರ ಫಳಫಳ ಹೊಳೆಯುತ್ತದೆ. "ಇಯರ್ ಆಫ್ ಹೆಲ್"ನಲ್ಲಿ ಎರಡು ಭಾಗ ಪೂರ್ತಿ ಹಡಗು ಸವೆದು ಸವೆದು, ಕೊನೆಗೆ ಕಾಲವೇ ಹಿಂದಕ್ಕೆ ಹೋಗಿ ಯಾರಿಗೂ ಏನೂ ನೆನಪಿಲ್ಲದ ಹಾಗೆ ಆಯಿತಲ್ಲ, ಆವತ್ತು ನೀನು ದಿಂಬು ಎಸೆದಿದ್ದೆ. ಬರಹಗಾರ ರೊನಾಲ್ಡ್ ಡಿ. ಮೂರ್ ಕೂಡ ವಾಯೇಜರ್‌ನಲ್ಲಿ ಸ್ವಲ್ಪ ದಿನ ಮಾತ್ರ ಇದ್ದು ಬೇಸರದಿಂದ ಹೊರಬಂದವರು. ಆಮೇಲೆ ಹೊಸ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದಲ್ಲಿ ಗಾಯ ಗಾಯವಾಗಿಯೇ ಉಳಿಯುವ ಹಡಗನ್ನು ತೋರಿಸಿದರು. ನಿನ್ನ ದೂರು ಅವರದ್ದೂ ಆಗಿತ್ತು.

ಇನ್ನರ್ಧ ನಾನು ಬಿಟ್ಟುಕೊಡಲ್ಲ. ಜೇನ್‌ವೇ ಬೆಳೆದದ್ದು ಎಲ್ಲಿ ಅಂತ ಹುಡುಕಬೇಕಾದರೆ, ಅವಳು ಏನು ತೀರ್ಮಾನ ಮಾಡಿದಳು ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಡು. ತೀರ್ಮಾನಕ್ಕೆ ಮೊದಲು ಯಾರನ್ನು ಕೇಳಿದಳು, ನೋಡು.

ಮೊದಲ ಎಪಿಸೋಡ್ ನೆನಪು ಮಾಡಿಕೋ. ಮನೆಗೆ ಕಳಿಸಬಲ್ಲ ಯಂತ್ರ ಕಣ್ಣೆದುರಿಗೇ ಇದೆ. ಅದನ್ನು ಉಳಿಸಿದರೆ ದಾಳಿಕೋರ ಕೇಜಾನ್‌ಗಳ ಕೈಗೆ ಸಿಗುತ್ತದೆ, ಒಕಾಂಪಾ ಜನ ಸಾಯುತ್ತಾರೆ. ಒಡೆದುಹಾಕಿ ಅಂತ ಜೇನ್‌ವೇ ಹೇಳುತ್ತಾಳೆ. 70,000 ಜ್ಯೋತಿರ್ವರ್ಷ ದೂರ, ಸುಮಾರು 75 ವರ್ಷದ ದಾರಿ, ಅಷ್ಟೂ ಜನರ ಬದುಕು. ಒಬ್ಬರನ್ನೂ ಕೇಳಲಿಲ್ಲ. ನಮ್ಮೆಲ್ಲರ ಪರವಾಗಿ ತೀರ್ಮಾನ ಮಾಡೋಕೆ ಇವಳು ಯಾರು ಅಂತ, ಮುಂದೆ ಅದೇ ಹಡಗಿನ ಎಂಜಿನಿಯರ್ ಆಗುವ ಬೆಲಾನಾ ಕಿರುಚುತ್ತಾಳೆ. ಅವಳು ಕ್ಯಾಪ್ಟನ್ ಅಂತ, ಮುಂದೆ ಜೇನ್‌ವೇಯ ಬಲಗೈ ಆಗುವ ಚಕೋಟೇ ಹೇಳುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಟೂವಿಕ್ಸ್ ಸಮಯದಲ್ಲೂ ಹಾಗೇ, ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತರು.

ಆಮೇಲೆ 1999ರಲ್ಲಿ "ಲೇಟೆಂಟ್ ಇಮೇಜ್". ಸಾಯುತ್ತಿರುವ ಇಬ್ಬರಲ್ಲಿ ಒಬ್ಬರನ್ನೇ ಉಳಿಸಲು ಸಮಯ ಇದ್ದಾಗ ಡಾಕ್ಟರ್ ತನ್ನ ಗೆಳೆಯ ಹ್ಯಾರಿ ಕಿಮ್‌ನನ್ನು ಉಳಿಸಿದ. ಯಾಕೆ ಅವನನ್ನೇ ಅನ್ನೋ ಪ್ರಶ್ನೆ ಅವನನ್ನು ಒಳಗಿಂದ ಮುರಿಯಿತು. ಜೇನ್‌ವೇ ಆ ನೆನಪನ್ನೇ ಅಳಿಸಿಹಾಕಿಸಿದ್ದಳು, ಅವನಿಗೆ ತಿಳಿಸದೆ. ವಿಷಯ ಹೊರಬಿದ್ದಾಗ ಮತ್ತೆ ಅಳಿಸೋಣ ಅಂತಲೇ ಹೊರಡುತ್ತಾಳೆ. ರಾತ್ರಿ, ಬೋರ್ಗ್‌ನಿಂದ ಬಿಡಿಸಿ ತಂದ ಸೆವೆನ್ ಅವಳ ಕೋಣೆಗೆ ಬಂದು ಮಾತಾಡುತ್ತಾಳೆ. ನಾನೂ ಅರ್ಧ ಯಂತ್ರವೇ, ಹಾಗಾದರೆ ನಾಳೆ ನನಗೂ ಹೀಗೇನಾ ಅನ್ನೋ ಅರ್ಥದಲ್ಲಿ. ಜೇನ್‌ವೇ ಮನಸ್ಸು ಬದಲಿಸುತ್ತಾಳೆ! ಬದಲಿಸಿ ಸುಮ್ಮನಾಗಲಿಲ್ಲ. ಡಾಕ್ಟರ್ ತನ್ನೊಳಗೆ ತಾನೇ ಸುತ್ತುತ್ತಿರುವಾಗ ಅವನ ಪಕ್ಕ ಯಾರಾದರೂ ಒಬ್ಬರು ಯಾವಾಗಲೂ ಇರುತ್ತಾರೆ, ಸರದಿ ಪ್ರಕಾರ. ಕೊನೆಗೆ ಜೇನ್‌ವೇ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಾಳೆ. ತಲೆನೋವು, ಜ್ವರ ಬೇರೆ. ಅವನು ಅದನ್ನು ಗಮನಿಸಿ, ಹೋಗಿ ಮಲಗಿ ಅಂತಾನೆ. ಅಷ್ಟು ಹೊತ್ತು ತನ್ನ ಬಗ್ಗೆಯೇ ಕೊರಗುತ್ತಿದ್ದವನ ಬಾಯಿಂದ ಡಾಕ್ಟರ್ ಆಡುವ ಮಾತು ಬರುತ್ತದೆ. ಆ ಜಾಗದಲ್ಲಿ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ.

ಅದೇ ವರ್ಷ "ಎಕ್ವಿನಾಕ್ಸ್" ಬರುತ್ತೆ, ಅವಳು ಮತ್ತೆ ಜಾರುತ್ತಾಳೆ. ಬೇರೆ ಜೀವಿಗಳನ್ನು ಕೊಂದು ಹಡಗಿಗೆ ಇಂಧನ ಮಾಡಿಕೊಂಡ ಕ್ಯಾಪ್ಟನ್ ರ‍್ಯಾನ್ಸಮ್ ಮೇಲಿನ ಸಿಟ್ಟಿಗೆ, ಅವನ ಕಡೆಯವನೊಬ್ಬನನ್ನು ಕಟ್ಟಿಹಾಕಿ ಸಾವಿನ ಬಾಯಿಗೆ ಒಡ್ಡುತ್ತಾಳೆ. ತಡೆದ ಚಕೋಟೇಯನ್ನು ಕೆಲಸದಿಂದಲೇ ಇಳಿಸುತ್ತಾಳೆ. ಇದು ಕೆಟ್ಟ ಬರವಣಿಗೆ ಅಂತ ನೀನು ಹೇಳ್ತೀಯ. ನನಗೆ ಹಾಗನ್ನಿಸಲ್ಲ. ಮನುಷ್ಯರು ಬದಲಾಗೋದು ಮೆಟ್ಟಿಲು ಹತ್ತಿದ ಹಾಗೆ ಅಲ್ಲ. ಕೊನೆಯಲ್ಲಿ ಹಡಗಿನ ಹೆಸರಿನ ಫಲಕ ನೆಲಕ್ಕೆ ಬಿದ್ದಿರುತ್ತದೆ, ಗಮನಿಸಿದ್ದೀಯಾ? ಇಷ್ಟು ಯುದ್ಧ ಆದರೂ ಇದು ಯಾವತ್ತೂ ಬಿದ್ದಿರಲಿಲ್ಲ ಅಂತ ಅವಳೇ ಹೇಳುತ್ತಾಳೆ. ಅದನ್ನು ಮತ್ತೆ ಅದರ ಜಾಗದಲ್ಲಿ ಹಾಕೋಣ ಅನ್ನುವವನು ಚಕೋಟೇ. ನನ್ನದು ತಪ್ಪು ಅಂತ ಅವಳು ಅಲ್ಲಿ ಬಿಡಿಸಿ ಹೇಳುವುದಿಲ್ಲ. ಹೇಳಬೇಕಿತ್ತು ಅಂತ ನನಗೂ ಅನಿಸುತ್ತದೆ.

ಈಗ 2001ರ ಕೊನೆಯ ಕಥೆ, "ಎಂಡ್‌ಗೇಮ್". ಮತ್ತೆ ಅದೇ ಇಕ್ಕಟ್ಟು. ಮನೆಗೆ ಹೋಗುವ ದಾರಿ ಕಣ್ಣೆದುರಿಗಿದೆ, ಅದನ್ನೇ ಒಡೆದರೆ ಬೋರ್ಗ್‌ಗೆ ದೊಡ್ಡ ಪೆಟ್ಟು, ಎಷ್ಟೋ ಲೋಕಗಳು ಉಳಿಯುತ್ತವೆ. ಏಳು ವರ್ಷದ ಹಿಂದಿನ ಜೇನ್‌ವೇ ಆಗಿದ್ದರೆ ಅಪ್ಪಣೆ ಕೊಡುತ್ತಿದ್ದಳು. ಈಗ ಎಲ್ಲರನ್ನೂ ಸೇರಿಸಿ, ನಾನು ಆರ್ಡರ್ ಮಾಡಲ್ಲ, ಈ ಕೋಣೆಯಲ್ಲಿರೋ ಎಲ್ಲರೂ ಒಪ್ಪಿದರೆ ಮಾತ್ರ ಅಂತಾಳೆ. ಆಗ ಬಾಯಿ ಬಿಡುವವನು ಯಾರು? ಏಳು ವರ್ಷ ಎನ್‌ಸೈನ್ ಅನ್ನೋ ತೀರಾ ಕೆಳಗಿನ ಅಧಿಕಾರಿ ದರ್ಜೆಯಲ್ಲೇ ಉಳಿದ ಹ್ಯಾರಿ ಕಿಮ್. ಇನ್ನೊಂದು ಕಡೆ, ಭವಿಷ್ಯದಿಂದ ಬಂದ ಮುದುಕಿ ಜೇನ್‌ವೇ ಇದ್ದಾಳೆ, ಯಾರನ್ನೂ ಕೇಳದೆ ಕಾಲವನ್ನೇ ತಿದ್ದೋಕೆ ಬಂದವಳು. ಇಬ್ಬರೂ ಎದುರುಬದುರಾಗಿ ಜಗಳ ಆಡುತ್ತಾರೆ. ಪಾತ್ರ ಬೆಳೆದಿಲ್ಲ ಅಂದರೆ ಆ ಜಗಳ ಎಲ್ಲಿಂದ ಬರಬೇಕು?

ಇಲ್ಲದವಳೊಬ್ಬಳ ಬಗ್ಗೆ ಇಷ್ಟು ಯಾಕೆ ಅಂತ ನಿನ್ನ ಗೆಳತಿಯರು ಕೇಳ್ತಾರೆ ಅಂದಿದ್ದೆ. ಅವರಿಗೆ ಇಟಲಿಯ ಗಗನಯಾತ್ರಿ ಸಮಂತಾ ಕ್ರಿಸ್ಟೊಫೊರೆಟ್ಟಿ ಬಗ್ಗೆ ಹೇಳು. 2015ರಲ್ಲಿ ಅಂತರಿಕ್ಷ ನಿಲ್ದಾಣದೊಳಗೆ ವಾಯೇಜರ್‌ನವರ ಥರದ ಸಮವಸ್ತ್ರ ಹಾಕಿಕೊಂಡು, "ಆ ನೆಬ್ಯುಲಾದಲ್ಲಿ ಕಾಫಿ ಇದೆ" ಅನ್ನೋ ಜೇನ್‌ವೇಯ ಮಾತನ್ನು ಟ್ವೀಟ್ ಮಾಡಿದವರು. 2022ರಲ್ಲಿ ಅದೇ ನಿಲ್ದಾಣಕ್ಕೆ ಕಮಾಂಡರ್ ಆದರು.

ಇನ್ನೊಂದು ವಿಷಯ, ಪುಟ್ಟಿ. ಬ್ರಿಜ್ ಮೇಲೆ ನಿಂತ ಟೂವಿಕ್ಸ್‌ನನ್ನು ನೋಡುವಾಗ ನನಗೆ ನಿನ್ನ ಸ್ಕೂಲ್ ಬದಲಿಸಿದ ವರ್ಷ ನೆನಪಾಯಿತು. ಎಲ್ಲಾ ನಿನ್ನ ಒಳ್ಳೇದಕ್ಕೇ ಅಂತ ನಾನೊಬ್ಬಳೇ ತೀರ್ಮಾನ ಮಾಡಿದೆ. ಆವತ್ತು ನೀನು ಬಾಗಿಲ ಹತ್ತಿರ ಹಳೇ ಬ್ಯಾಗ್ ಹಿಡಿದು ನಿಂತಿದ್ದೆ, ಏನೋ ಹೇಳೋಕೆ ಬಾಯಿ ತೆರೆದೆ. ಲೇಟ್ ಆಗ್ತಿದೆ ನಡಿ ಅಂದುಬಿಟ್ಟೆ ನಾನು. ಆಮೇಲೆ ಅದನ್ನು ಯಾವತ್ತೂ ಕೇಳಲಿಲ್ಲ.

ಶನಿವಾರ ರಾತ್ರಿ ಫೋನ್ ಮಾಡು. ಎಕ್ವಿನಾಕ್ಸ್ ಬಗ್ಗೆ ನಿನ್ನ ವಾದ ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕಲ್ಲ. ಆವತ್ತು ಬಾಗಿಲಲ್ಲಿ ಏನು ಹೇಳಬೇಕು ಅಂತಿದ್ದೆ, ನೆನಪಿದ್ದರೆ ಅದನ್ನೂ ಹೇಳು.

ನಿನ್ನ,
ಅಮ್ಮ