ತೆರಿಗೆ ಬಾಕಿ ಇಲ್ಲದಿದ್ದರೂ ಅಮೆರಿಕಕ್ಕೆ ರಿಟರ್ನ್ ಸಲ್ಲಿಸಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹಲವು ವರ್ಷ ದುಡಿದು, ಅಲ್ಲಿಯ ಪೌರತ್ವವನ್ನೋ ಗ್ರೀನ್ ಕಾರ್ಡನ್ನೋ ಪಡೆದು, ಹೆತ್ತವರಿಗೆ ವಯಸ್ಸಾಯಿತೆಂದು ಊರಿಗೆ ಮರಳಿದ ಕುಟುಂಬಗಳು ಈಗ ನಮ್ಮಲ್ಲಿ ಅಪರೂಪವಲ್ಲ. ಇಲ್ಲಿಯ ಆದಾಯ ತೆರಿಗೆಯನ್ನು ಅವರು ತಪ್ಪದೆ ಕಟ್ಟುತ್ತಾರೆ. ಆದರೆ ಅಮೆರಿಕಕ್ಕೂ ಪ್ರತಿವರ್ಷ ರಿಟರ್ನ್ ಸಲ್ಲಿಸಬೇಕೆಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಅಲ್ಲಿಯ ಪೌರಳಾದ ನನಗೂ ಮರಳಿ ಬಂದ ಮೇಲೆ ಹಲವು ವರ್ಷ ಗೊತ್ತಿರಲಿಲ್ಲ. ವಿದೇಶದಲ್ಲಿ ವಾಸಿಸುವವರಿಗೆ ತಾನಾಗಿಯೇ ಸಿಗುವ ಜೂನ್ 15ರ ಗಡುವು ಹತ್ತಿರವಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹೆಚ್ಚಿನ ದೇಶಗಳು ತಮ್ಮಲ್ಲಿ ವಾಸಿಸುವವರಿಗೆ ತೆರಿಗೆ ಹಾಕುತ್ತವೆ. ಅಮೆರಿಕ ಮಾತ್ರ ತನ್ನ ಪೌರರು ಲೋಕದ ಯಾವ ಮೂಲೆಯಲ್ಲಿದ್ದರೂ, ಅವರ ಆದಾಯ ಎಲ್ಲಿಂದ ಬಂದರೂ, ಅದರ ಲೆಕ್ಕ ಕೇಳುತ್ತದೆ. ಇಂಥ ಪದ್ಧತಿಗೆ ಜೊತೆಯಾಗಿ ಉದಾಹರಿಸುವುದು ಎರಿಟ್ರಿಯಾ ಒಂದನ್ನೇ. ಅಮೆರಿಕದ ಅಂತರ್ಯುದ್ಧದ ಕಾಲದ ಆದಾಯ ತೆರಿಗೆಯಲ್ಲೇ ಇದರ ಬೇರಿದೆ. ಮೆಕ್ಸಿಕೊದಲ್ಲಿ ನೆಲೆಸಿದ್ದ ಕುಕ್ ಎಂಬ ಅಮೆರಿಕನ್ ಪೌರ ಇದನ್ನು ಪ್ರಶ್ನಿಸಿದಾಗ, ಪೌರತ್ವದ ಆಧಾರದ ಮೇಲೆ ತೆರಿಗೆ ವಿಧಿಸುವುದು ಸರಿಯೆಂದು ಅಲ್ಲಿಯ ಸುಪ್ರೀಂ ಕೋರ್ಟ್ 1924ರಲ್ಲಿ ತೀರ್ಪಿತ್ತಿತು. ಈ ನೀತಿ ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಕಾನೂನು ಜಾರಿಯಲ್ಲಿರುವವರೆಗೆ ಅದನ್ನು ಪಾಲಿಸಲೇಬೇಕು, ಪಾಲಿಸಬೇಕಾದರೆ ಮೊದಲು ಅದು ತಿಳಿದಿರಬೇಕು.

ಮರಳಿದ ಮೊದಲ ವರ್ಷ ಲೆಕ್ಕಪತ್ರ ನೋಡುವವರೊಬ್ಬರನ್ನು ವಿಚಾರಿಸಿದ್ದೆ. "ನಿಮ್ಮ ಸಂಬಳ ವಿನಾಯಿತಿ ಮಿತಿಯೊಳಗೇ ಇದೆ ಮೇಡಂ, ತಲೆ ಕೆಡಿಸಿಕೊಳ್ಳಬೇಡಿ" ಎಂದರು. ಅವರು ಹೇಳಿದ ಮಿತಿ ಇದ್ದದ್ದು ನಿಜ. ವಿದೇಶದಲ್ಲಿ ದುಡಿದ ಹಣಕ್ಕೆ ಅಮೆರಿಕ ಕೊಡುವ ಆ ವಿನಾಯಿತಿ 2024ರ ಆದಾಯಕ್ಕೆ 1,26,500 ಡಾಲರ್ ಇತ್ತು, 2025ರ ಆದಾಯಕ್ಕೆ 1,30,000 ಡಾಲರ್ ಆಗಿದೆ. ಆದರೆ ರಿಟರ್ನ್ ಸಲ್ಲಿಸಿ, ಅದರ ಜೊತೆ 2555ನೇ ನಮೂನೆ ತುಂಬಿ ಕೇಳಿಕೊಂಡವರಿಗಷ್ಟೇ ಅದು ದೊರೆಯುತ್ತದೆ. ಅದಕ್ಕೆ ತಾನಿರುವ ಹೊರದೇಶದ ನಿಜವಾದ ನಿವಾಸಿಯೆಂದು ತೋರಿಸಬೇಕು, ಇಲ್ಲವೇ ಸತತ ಹನ್ನೆರಡು ತಿಂಗಳಲ್ಲಿ 330 ಪೂರ್ಣ ದಿನ ವಿದೇಶದಲ್ಲಿದ್ದಿರಬೇಕು. ಸಂಬಳಕ್ಕೆ, ಸ್ವಂತ ದುಡಿಮೆಗೆ ಮಾತ್ರ ಇದು ಅನ್ವಯಿಸುತ್ತದೆ. ಬ್ಯಾಂಕ್ ಬಡ್ಡಿ, ಮನೆ ಬಾಡಿಗೆ, ಡಿವಿಡೆಂಡ್, ಪಿಂಚಣಿಗಳಿಗೆ ಇದರ ನೆರಳಿಲ್ಲ. ಇನ್ನು ಪತಿಯೋ ಪತ್ನಿಯೋ ಭಾರತದ ಪೌರರಾಗಿದ್ದು, ತಾನು ಪ್ರತ್ಯೇಕವಾಗಿ ರಿಟರ್ನ್ ಸಲ್ಲಿಸುವವರಾದರೆ, ವರ್ಷದ ಒಟ್ಟು ಆದಾಯ ಐದು ಡಾಲರ್ ಮುಟ್ಟಿದರೂ ಸಲ್ಲಿಕೆ ಕಡ್ಡಾಯ. ಅಚ್ಚಿನ ತಪ್ಪಿರಬೇಕೆಂದು ಆ ಸಂಖ್ಯೆಯನ್ನು ನಾನು ಎರಡು ಸಲ ಓದಿದೆ.

ಅಮೆರಿಕವೂ ಭಾರತವೂ 1989ರಲ್ಲಿ ಸಹಿ ಹಾಕಿದ, ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ತಡೆಯುವ ಒಪ್ಪಂದವಿದೆಯಲ್ಲ, ಇಲ್ಲಿ ಕಟ್ಟಿದ ಮೇಲೆ ಮುಗಿಯಿತು ಎನ್ನುವವರೂ ಇದ್ದಾರೆ. ಆದರೆ ತನ್ನ ಪೌರರಿಗೆ ತೆರಿಗೆ ವಿಧಿಸುವ ಹಕ್ಕನ್ನು ಅಮೆರಿಕ ಆ ಒಪ್ಪಂದದಲ್ಲೇ ಉಳಿಸಿಕೊಂಡಿದೆ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಸಿಕೊಳ್ಳಲು 1116ನೇ ನಮೂನೆ ತುಂಬಬೇಕು. ಅದರಲ್ಲೂ ಒಂದು ತೊಡಕಿದೆ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಕಂಪನಿ ಕೊಡುವ ಫಾರಂ 16ನ್ನು ಹಾಗೆಯೇ ಇಟ್ಟುಕೊಂಡು ಲೆಕ್ಕ ಹಾಕಲಾಗದು. ಪ್ರತಿ ತಿಂಗಳ ಸಂಬಳದ ಚೀಟಿ, ಟಿಡಿಎಸ್ ಕಡಿತದ ವಿವರ ಜೋಪಾನವಾಗಿಟ್ಟುಕೊಂಡವರಿಗೆ ಮಾತ್ರ ಈ ಕೆಲಸ ಸಲೀಸು.

ನನ್ನ ತಪ್ಪು ನನಗೆ ಅರಿವಾದದ್ದು ಬ್ಯಾಂಕಿನ ಕೌಂಟರಿನ ಎದುರು. ಕೆವೈಸಿ ನವೀಕರಿಸಲು ಹೋದಾಗ ಕೊಟ್ಟ ಹಾಳೆಯಲ್ಲಿ ಹುಟ್ಟಿದ ದೇಶ, ಪೌರತ್ವ, ಬೇರೆ ದೇಶದ ತೆರಿಗೆ ಗುರುತಿನ ಸಂಖ್ಯೆ ಎಂಬ ಕಲಂಗಳಿದ್ದವು. ಇದೇಕೆಂದು ಕೇಳಿದರೆ "ಫಾಟ್ಕಾ" ಎಂಬ ಒಂದೇ ಪದದ ಉತ್ತರ ಬಂತು. ಅದು 2010ರ ಅಮೆರಿಕನ್ ಕಾನೂನು. 2015ರ ಜುಲೈನಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ, ಅಮೆರಿಕದ ಪೌರರ ಖಾತೆಗಳ ವಿವರ ನಮ್ಮ ಬ್ಯಾಂಕುಗಳಿಂದ ಇಲ್ಲಿಯ ಆದಾಯ ತೆರಿಗೆ ಇಲಾಖೆಗೆ, ಅಲ್ಲಿಂದ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಹೋಗುತ್ತದೆ. ಅಂದರೆ ನಾವು ಹೇಳದಿದ್ದರೂ ಅವರಿಗೆ ತಿಳಿಯುತ್ತದೆ.

ಮನೆಗೆ ಬಂದು ಬೀರುವಿನಲ್ಲಿದ್ದ ಸ್ಟೀಲ್ ಡಬ್ಬಿ ತೆಗೆದೆ. ಅಮ್ಮನ ಪಾಸ್‌ಬುಕ್ಕುಗಳು, ರಬ್ಬರ್ ಬ್ಯಾಂಡ್ ಸುತ್ತಿದ ಎಫ್‌ಡಿ ರಸೀದಿಗಳು, ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರು ಸೇರಿಸಿದ ಅಂಚೆ ಕಚೇರಿಯ ಖಾತೆ ಎಲ್ಲವೂ ಅದರಲ್ಲಿದ್ದವು. ಅಮೆರಿಕದ ಹೊರಗಿನ ಖಾತೆಗಳಲ್ಲಿರುವ ಹಣವೆಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ, ಪ್ರತಿ ಖಾತೆಯ ಗರಿಷ್ಠ ಮೊತ್ತವನ್ನು ಎಫ್‌ಬಿಎಆರ್ ಎಂಬ ವರದಿಯಲ್ಲಿ ಅಮೆರಿಕದ ಖಜಾನೆ ಇಲಾಖೆಗೆ ತಿಳಿಸಬೇಕು. ಇದು ರಿಟರ್ನಿನ ಭಾಗವಲ್ಲ, ಬೇರೆಯಾಗಿಯೇ ಆನ್‌ಲೈನಿನಲ್ಲಿ ಸಲ್ಲಿಸಬೇಕಾದದ್ದು. ಜಂಟಿ ಖಾತೆಗಳೂ, ಸಹಿ ಹಾಕುವ ಅಧಿಕಾರ ಮಾತ್ರ ಇರುವ ಖಾತೆಗಳೂ ಇದರೊಳಗೆ ಬರುತ್ತವೆ. ಪಕ್ಕದಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದ ಅಮ್ಮ, "ನನ್ನ ಪಿಂಚಣಿ ದುಡ್ಡಿನ ಲೆಕ್ಕ ಅಮೆರಿಕದವರಿಗ್ಯಾಕೆ ಮಗಳೇ?" ಎಂದರು. ಹಣ ಅಮ್ಮನದೇ, ಆದ್ದರಿಂದ ಅದರ ಬಡ್ಡಿಗೆ ನಾನು ತೆರಿಗೆ ಕಟ್ಟಬೇಕಾಗದಿರಬಹುದು. ಆದರೆ ಖಾತೆಯಲ್ಲಿ ನನ್ನ ಹೆಸರಿರುವುದರಿಂದ ವಿವರ ಕೊಡಲೇಬೇಕು. ಇದನ್ನು ಅವರಿಗೆ ತಿಳಿಸಿ ಹೇಳುವುದು ವರದಿ ತುಂಬುವುದಕ್ಕಿಂತ ಕಷ್ಟವಾಯಿತು.

ದಶಕಗಳಿಂದ ಬದಲಾಗದ ಈ 10,000 ಡಾಲರಿನ ಮಿತಿಯನ್ನು ಇಲ್ಲಿಯ ಸಾಧಾರಣ ಮಧ್ಯಮ ವರ್ಗದ ಉಳಿತಾಯವೇ ದಾಟುತ್ತದೆ. ಗೊತ್ತಿಲ್ಲದೆ ತಪ್ಪಿದರೂ ದಂಡವಿದೆ. ರೊಮೇನಿಯಾದಲ್ಲಿ ಹುಟ್ಟಿ, ಅಮೆರಿಕದ ಪೌರರಾಗಿ, 1990ರಲ್ಲಿ ತಾಯ್ನಾಡಿಗೆ ಮರಳಿದ ಬಿಟ್ನರ್ ಎಂಬವರಿಗೆ ಐದು ವರ್ಷದ ವರದಿ ತಪ್ಪಿದ್ದಕ್ಕೆ, ಖಾತೆಗೊಂದರಂತೆ ಲೆಕ್ಕ ಹಾಕಿ, 27.2 ಲಕ್ಷ ಡಾಲರ್ ದಂಡ ಹೊರಿಸಲಾಗಿತ್ತು. ದಂಡ ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ಅದು 50,000 ಡಾಲರಿಗೆ ಇಳಿಯಿತು. ಅದೂ ಐದು ನ್ಯಾಯಮೂರ್ತಿಗಳ ಎದುರು ನಾಲ್ವರು ಭಿನ್ನವಾಗಿ ನಿಂತ ತೀರ್ಪು.

ನಮ್ಮವರು ಹೆಚ್ಚಾಗಿ ಎಡವುವ ಇನ್ನೊಂದು ಜಾಗ ಮ್ಯೂಚುವಲ್ ಫಂಡ್. ತಿಂಗಳಿಗಿಷ್ಟೆಂದು ಎಸ್‌ಐಪಿ ಕಟ್ಟುವ ನಮ್ಮ ಫಂಡುಗಳನ್ನು 1986ರ ಅಮೆರಿಕನ್ ಕಾನೂನು ವಿದೇಶಿ ನಿಷ್ಕ್ರಿಯ ಹೂಡಿಕೆ ಕಂಪನಿಗಳೆಂದು ಪರಿಗಣಿಸುತ್ತದೆ. ಸಣ್ಣ ಹೂಡಿಕೆಗಿರುವ ವಿನಾಯಿತಿ ಬಿಟ್ಟರೆ, ಒಂದೊಂದು ಫಂಡಿಗೂ ಬೇರೆ ಬೇರೆ 8621ನೇ ನಮೂನೆ ತುಂಬಬೇಕು. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ, ಮಾರಿದಾಗ ಬಂದ ಲಾಭವನ್ನು ಹಿಂದಿನ ವರ್ಷಗಳಿಗೆಲ್ಲ ಹಂಚಿ, ಆಯಾ ವರ್ಷದ ಗರಿಷ್ಠ ದರದಲ್ಲಿ ತೆರಿಗೆಯನ್ನೂ ಅದರ ಮೇಲೆ ಬಡ್ಡಿಯನ್ನೂ ವಸೂಲು ಮಾಡಲಾಗುತ್ತದೆ. ಫಂಡ್ ಮಾರುವ ಏಜೆಂಟರು ಇದನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಗ್ರೀನ್ ಕಾರ್ಡ್ ಇಟ್ಟುಕೊಂಡು ಮರಳಿದವರಿಗೂ ಒಂದು ಮಾತು. ಕಾರ್ಡಿನ ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ತೆರಿಗೆಯ ಹೊಣೆ ಮುಗಿಯುವುದಿಲ್ಲ. ಐ-407 ನಮೂನೆ ಸಲ್ಲಿಸಿ ವಿಧಿವತ್ತಾಗಿ ಅದನ್ನು ಬಿಟ್ಟುಕೊಡಬೇಕು. ಅಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ಇಲ್ಲಿಗೆ ಬಂದ ಮಕ್ಕಳೂ ಅಮೆರಿಕದ ಪೌರರೇ. ಅವರು ಓದು ಮುಗಿಸಿ ಮೊದಲ ಸಂಬಳ ಎಣಿಸುವ ವರ್ಷದಿಂದ ಈ ಹೊಣೆ ಅವರ ಹೆಗಲೇರುತ್ತದೆಂದು ಹೆತ್ತವರು ಮೊದಲೇ ತಿಳಿಸಿಡಬೇಕು.

ತಪ್ಪಿದವರು ಹೆದರಿ ಕೂರುವ ಅಗತ್ಯವಿಲ್ಲ. ಬೇಕೆಂದೇ ಮುಚ್ಚಿಡದೆ, ಅರಿಯದೆ ತಪ್ಪಿದ ವಿದೇಶವಾಸಿಗಳಿಗಾಗಿ ಐಆರ್‌ಎಸ್ ಒಂದು ಸರಳ ಮಾರ್ಗ ಇಟ್ಟಿದೆ. ಹಿಂದಿನ ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಿಎಆರ್, ಜೊತೆಗೆ ಏಕೆ ತಪ್ಪಿತೆಂದು ಪ್ರಮಾಣೀಕರಿಸುವ 14653ನೇ ನಮೂನೆ ಸಲ್ಲಿಸಬೇಕು. ಇಲಾಖೆ ತಾನಾಗಿ ತನಿಖೆ ಆರಂಭಿಸುವ ಮೊದಲೇ ಸಲ್ಲಿಸಬೇಕು. ತೆರಿಗೆ ಬಾಕಿಯಿದ್ದರೆ ಅದನ್ನೂ ಬಡ್ಡಿಯನ್ನೂ ಕಟ್ಟಬೇಕು, ದಂಡವಿರುವುದಿಲ್ಲ. ನಾನು ಈ ದಾರಿಯಲ್ಲೇ ನನ್ನ ಲೆಕ್ಕ ಸರಿಪಡಿಸಿಕೊಂಡೆ. ಆರು ವರ್ಷದ ಪಾಸ್‌ಬುಕ್ಕುಗಳನ್ನು ಪುಟ ಪುಟವಾಗಿ ತಿರುವಿ ಗರಿಷ್ಠ ಮೊತ್ತ ಹುಡುಕಲು ಮೂರು ಭಾನುವಾರಗಳು ಬೇಕಾದವು. ಕೊನೆಗೆ ಬಾಕಿ ಬಂದ ತೆರಿಗೆ ಸೊನ್ನೆ.

ವೀಸಾ ಪಡೆಯುವುದು ಹೇಗೆ, ಅಲ್ಲಿಂದ ಹಣ ಕಳಿಸುವುದು ಹೇಗೆ ಎಂಬುದರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬೇಕಾದಷ್ಟು ಓದಿದ್ದೇನೆ. ಮರಳಿ ಬಂದವರ ಈ ಹೊಣೆಯ ಬಗ್ಗೆ ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ. ತಮ್ಮ ಹಣಕಾಸು ಪುಟದಲ್ಲಿ ಬಲ್ಲವರೊಬ್ಬರಿಂದ ಜೂನ್ 15ಕ್ಕೆ ಮೊದಲೇ ಒಂದು ಲೇಖನ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ತೆರಿಗೆ ಕಟ್ಟಬೇಕಾದವರಿಗೆ ಬಡ್ಡಿ ಏಪ್ರಿಲ್ 15ರಿಂದಲೇ ಬೆಳೆಯುತ್ತದೆ ಎಂಬುದನ್ನೂ, ಇನ್ನೂ ಕಾಲಾವಕಾಶ ಬೇಕಾದವರು 4868ನೇ ನಮೂನೆ ಸಲ್ಲಿಸಿ ಅಕ್ಟೋಬರ್ 15ರವರೆಗೆ ಪಡೆಯಬಹುದು ಎಂಬುದನ್ನೂ ದಯವಿಟ್ಟು ಅದರಲ್ಲಿ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ಅಮೆರಿಕದಿಂದ ಮರಳಿದ ಓದುಗರೊಬ್ಬರು