ಎಬ್ಬಿಸುವ ಪ್ರಮೇಯ ತಂದವರೇ ಮೊದಲ ಹೊಣೆಗಾರರು

ಮಾನ್ಯ ಸಂಪಾದಕರೇ,

ಹಣ ಕೊಟ್ಟು ಟಿಕೆಟ್ ಪಡೆದು ತನ್ನ ಆಸನದಲ್ಲಿ ಕುಳಿತ ಪ್ರಯಾಣಿಕನನ್ನು ವಿಮಾನದಿಂದ ಬಲವಂತವಾಗಿ ಇಳಿಸಿದರೆ ತಪ್ಪು ಯಾರದು ಎಂಬ ಮಾತು ಬಂದಾಗಲೆಲ್ಲ 2017ರ ಏಪ್ರಿಲ್ 9ರ ಷಿಕಾಗೊ ಪ್ರಕರಣ ನೆನಪಾಗುತ್ತದೆ. ಸೀಟು ಬಿಟ್ಟುಕೊಡಲು ಒಪ್ಪದ ಹಿರಿಯ ವೈದ್ಯರೊಬ್ಬರನ್ನು ಅಲ್ಲಿ ಭದ್ರತಾ ಸಿಬ್ಬಂದಿ ವಿಮಾನದಿಂದ ಎಳೆದೊಯ್ದಿದ್ದರು. ಅದರ ವಿಡಿಯೊ ನೋಡಿದವರು ಒಂದೋ ಎಳೆದೊಯ್ದ ಭದ್ರತಾ ಸಿಬ್ಬಂದಿಯನ್ನು ಬೈಯುತ್ತಾರೆ, ಇಲ್ಲವೇ ‘ಇಳಿ ಅಂದಾಗ ಸುಮ್ಮನೆ ಇಳಿದಿದ್ದರೆ ಆಗುತ್ತಿತ್ತು’ ಎಂದು ಪೆಟ್ಟು ತಿಂದ ಹಿರಿಯ ವೈದ್ಯರನ್ನೇ ದೂರುತ್ತಾರೆ. ಇವೆರಡರ ನಡುವೆ ವಿಮಾನಯಾನ ಸಂಸ್ಥೆ ನುಣುಚಿಕೊಳ್ಳುತ್ತದೆ.

ಷಿಕಾಗೊದಿಂದ ಲೂಯಿವಿಲ್‌ಗೆ ಹೊರಟಿದ್ದ ಆ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಲ್ಲಿ ಎಲ್ಲರೂ ಹತ್ತಿ ಕುಳಿತ ಮೇಲೆ, ಲೂಯಿವಿಲ್‌ನಲ್ಲಿ ಕರ್ತವ್ಯಕ್ಕೆ ಹಾಜರಾಗಬೇಕಿದ್ದ ನಾಲ್ವರು ಸಿಬ್ಬಂದಿಗೆ ಜಾಗ ಬೇಕೆಂದು ಸಂಸ್ಥೆಗೆ ಹೊಳೆಯಿತು. ಇಳಿಯುವವರಿಗೆ ಮೊದಲು 400, ನಂತರ 800 ಡಾಲರ್ ಮೌಲ್ಯದ ವೋಚರ್ ಕೊಡುವುದಾಗಿ ಹೇಳಿದರೂ ಯಾರೂ ಏಳಲಿಲ್ಲ. ಅಲ್ಲಿಗೆ ಚೌಕಾಶಿ ನಿಲ್ಲಿಸಿ ನಾಲ್ವರ ಹೆಸರನ್ನು ತಾನೇ ಆರಿಸಿತು. ಮೂವರು ಇಳಿದರು; ಬೆಳಿಗ್ಗೆ ರೋಗಿಗಳನ್ನು ನೋಡಬೇಕಿದೆ ಎಂದು ಈ ವೈದ್ಯರು ಒಪ್ಪಲಿಲ್ಲ. ತಾನಾಗಿ ಇಳಿಯುವವರಿಗೆ ಇಷ್ಟೇ ಕೊಡಬೇಕೆಂಬ ಮಿತಿಯನ್ನು ಯಾವ ಕಾನೂನೂ ಹಾಕಿರಲಿಲ್ಲ. ಇನ್ನಷ್ಟು ಏರಿಸಿದ್ದರೆ ಯಾರಾದರೂ ನಗುನಗುತ್ತ ಇಳಿದು ಹೋಗುತ್ತಿದ್ದರು. ಕೆಲವು ನೂರು ಡಾಲರ್ ಉಳಿಸಲು ಹೋಗಿ, ವ್ಯಾಪಾರದಲ್ಲಿ ಬಗೆಹರಿಯಬೇಕಿದ್ದ ಸಂಗತಿಯನ್ನು ಭದ್ರತಾ ಅಧಿಕಾರಿಗಳ ಕೈಗೆ ಒಪ್ಪಿಸಿದ ನಿರ್ಧಾರವೇ ಇಲ್ಲಿನ ಮೂಲ ತಪ್ಪು.

ಹಾಗೆಂದು ಎಳೆದವರು ನಿರ್ದೋಷಿಗಳಲ್ಲ. ಬಡಿದಾಡದೆ ಕುಳಿತಿದ್ದವರ ಮುಖದಿಂದ ರಕ್ತ ಸುರಿಯುವಂತೆ ಮಾಡಲು ಯಾವ ಆದೇಶವೂ ನೆಪವಾಗದು. ಮುಂದೆ ಅವರಲ್ಲಿ ಇಬ್ಬರು ಕೆಲಸ ಕಳೆದುಕೊಂಡರು. ಆದರೆ ಸಂಸ್ಥೆಯ ಆಗಿನ ಮುಖ್ಯಸ್ಥ ಆಸ್ಕರ್ ಮುನೋಜ್ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಮೊದಲು ಪ್ರಯಾಣಿಕನನ್ನೇ ಗಲಾಟೆಕೋರನೆಂಬಂತೆ ಚಿತ್ರಿಸಿ, ಜನ ತಿರುಗಿಬಿದ್ದ ಮೇಲೆ ಮರುದಿನ ಕ್ಷಮೆ ಕೇಳಿದ್ದನ್ನು ಮರೆಯುವಂತಿಲ್ಲ. ಅದೇ ತಿಂಗಳ ಕೊನೆಗೆ ಸಂಸ್ಥೆ ತಾನಾಗಿ ಇಳಿಯುವವರಿಗೆ ಕೊಡುವ ಪರಿಹಾರದ ಮಿತಿಯನ್ನು 10,000 ಡಾಲರ್‌ಗೆ ಏರಿಸಿತು. ತನ್ನ ಸಿಬ್ಬಂದಿಗೆ ಸೀಟು ಬೇಕಿದ್ದರೆ ವಿಮಾನ ಹೊರಡುವ ಕನಿಷ್ಠ 60 ನಿಮಿಷ ಮೊದಲೇ ಕಾದಿರಿಸಬೇಕೆಂದೂ ನಿಯಮ ಮಾಡಿಕೊಂಡಿತು. ಅಂದರೆ ಮದ್ದು ಮೊದಲಿನಿಂದಲೂ ಅದರ ಕೈಯಲ್ಲೇ ಇತ್ತು.

ವಿಮಾನದಲ್ಲಿ ಕ್ಯಾಪ್ಟನ್ ಹೇಳಿದ್ದೇ ಅಂತಿಮ ಎಂದು ವಾದಿಸುವವರಿದ್ದಾರೆ. ಸುರಕ್ಷತೆಯ ವಿಷಯದಲ್ಲಿ ಅದು ಹಾಗೆಯೇ ಇರಬೇಕು. ಸಂಸ್ಥೆಯ ಡ್ಯೂಟಿ ಪಟ್ಟಿಯ ಅಡಚಣೆಗೆ ಸುರಕ್ಷತೆಯ ಅಂಗಿ ತೊಡಿಸಬಾರದು. ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಬೇರೆ ಊರಿಗೆ ಡ್ಯೂಟಿಗೆ ಹೊರಟ ಚಾಲಕ, ನಿರ್ವಾಹಕರು ಸೀಟು ತುಂಬಿದ್ದರೆ ಬಾನೆಟ್ ಪಕ್ಕವೋ ಬಾಗಿಲ ಬಳಿಯೋ ಹೊಂದಿಕೊಳ್ಳುತ್ತಾರೆಯೇ ಹೊರತು, ರಿಸರ್ವೇಷನ್ ಮಾಡಿಸಿ ಕುಳಿತವರನ್ನು ಏಳಿಸುವುದಿಲ್ಲ. ವಿಮಾನದಲ್ಲಿ ನಿಂತು ಹೋಗಲಾಗದು, ಒಪ್ಪುತ್ತೇನೆ. ಮೊದಲೇ ಲೆಕ್ಕ ಹಾಕಿಕೊಳ್ಳಬೇಕಾದ ಹೊಣೆ ಅದರಿಂದ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವೂ ಮೊದಲು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಬೇಕೆನ್ನುತ್ತದೆ. ಒಪ್ಪದವರಿಗೆ ಸೀಟು ನಿರಾಕರಿಸಿ, 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಗರಿಷ್ಠ 10,000 ರೂಪಾಯಿ, ಅದಕ್ಕೂ ತಡವಾದರೆ ಗರಿಷ್ಠ 20,000 ರೂಪಾಯಿ ಪರಿಹಾರವಿದೆ. ಒಂದು ಗಂಟೆಯೊಳಗೆ ಹೊರಡುವ ವಿಮಾನ ಸಿಕ್ಕರೆ ಏನೂ ಇಲ್ಲ. ದಿನಕ್ಕೆ ನೂರಾರು ವಿಮಾನ ಹಾರುವ ಬೆಂಗಳೂರಿನಲ್ಲಿ ಇದು ಸಾಕಾದೀತು. ಬೆರಳೆಣಿಕೆಯಷ್ಟು ವಿಮಾನಗಳಿರುವ ಹುಬ್ಬಳ್ಳಿಯಲ್ಲಿ ಇಳಿಸಿದರೆಂದರೆ, ಕೋರ್ಟಿನ ವಾಯಿದೆಯೋ ಆಸ್ಪತ್ರೆಯ ಅಪಾಯಿಂಟ್‌ಮೆಂಟೋ ತಪ್ಪಿದಂತೆಯೇ.

ಬೋರ್ಡಿಂಗ್ ಪಾಸ್ ಪರಿಶೀಲಿಸಿ ಒಳಗೆ ಬಿಟ್ಟ ಪ್ರಯಾಣಿಕನನ್ನು ಸುರಕ್ಷತೆ, ಆರೋಗ್ಯ ಅಥವಾ ದುರ್ವರ್ತನೆಯ ಕಾರಣವಿಲ್ಲದೆ ಇಳಿಸುವಂತಿಲ್ಲ ಎಂದು ಅಮೆರಿಕ 2018ರಲ್ಲಿ ಕಾನೂನು ಮಾಡಿತು. ನಮ್ಮಲ್ಲೂ ಅಂಥದೇ ಸ್ಪಷ್ಟ ಮಾತು ನಿಯಮದೊಳಗೆ ಬರುವಂತೆ ಈ ಭಾಗದ ಸಂಸದರು ಒತ್ತಾಯಿಸಬೇಕು. ಅಲ್ಲಿಯವರೆಗೆ, ಈಗಿರುವ ಪರಿಹಾರದ ನಿಯಮವನ್ನಾದರೂ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ಗಳ ಎದುರು, ಮೊತ್ತದ ಸಮೇತ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಚಾರ ನಿಯಂತ್ರಕ, ವಿದ್ಯಾನಗರ, ಹುಬ್ಬಳ್ಳಿ