ಹತ್ತು ಟನ್ ಕಲ್ಲಿನ ಲೆಕ್ಕ ನೋಡ್ದೆ ಮಗಾ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಕಳಿಸಿದ ಫೋಟೋ, ಲ್ಯಾಬ್ ರಿಪೋರ್ಟು, ನಿನ್ನ ಪಾರ್ಟ್ನರ್ ಹಾಕಿದ ಲೆಕ್ಕ ಮೂರೂ ನೋಡ್ದೆ. ಹತ್ತು ಟನ್ ಚಿನ್ನದ ಅದಿರು ತೆಗ್ದಿದ್ದೀರಿ, ಲ್ಯಾಬಿನವರು ಟನ್ನಿಗೆ 8 ಗ್ರಾಂ ಚಿನ್ನ ಅಂದಿದ್ದಾರೆ, ಎಂಟ್ ಹತ್ಲ ಎಂಬತ್ತು, ಎಂಬತ್ತು ಗ್ರಾಂ ಇಂಟು ಇವತ್ತಿನ ರೇಟು, ಅಷ್ಟಕ್ಕೇ ಇಡೀ ಗುಡ್ಡಕ್ಕೆ ಬೆಲೆ ಕಟ್ಬಿಟ್ಟು ನಿನ್ನನ್ನ ದುಡ್ಡು ಹಾಕು ಅಂತಿದ್ದಾನೆ. ಗುಣಾಕಾರ ತಪ್ಪಿಲ್ಲ, ಆದ್ರೆ ಗುಣಿಸಿದ ಎರಡು ನಂಬರೂ ಎಲ್ಲಿಂದ ಬಂದ್ವು ಅಂತ ಯಾರೂ ಕೇಳಿಲ್ಲ ನೋಡು, ಅದಕ್ಕೇ ಈ ಕಾಗದ.

ಮೊದ್ಲು ಆ ಹತ್ತು ಟನ್. ತೂಕದ ಸೇತುವೆ ಮೇಲೆ ಹಾಕಿ ತೂಗಿದ್ರಾ, ಇಲ್ಲಾ ರಾಶಿಗೆ ಟೇಪ್ ಹಿಡಿದು ಅಂದಾಜು ಮಾಡಿದ್ರಾ? ಬೆಣಚುಕಲ್ಲು ಗಟ್ಟಿಯಾಗಿದ್ದಾಗ ಒಂದು ಘನ ಮೀಟರಿಗೆ 2.65 ಟನ್ ತೂಗುತ್ತೆ, ಒಡೆದು ರಾಶಿ ಹಾಕಿದ್ಮೇಲೆ ನಡುವೆ ಗಾಳಿ ಸೇರ್ಕೊಂಡು 1.6ರ ಆಸುಪಾಸು ಬಂದ್ಬಿಡುತ್ತೆ. ರಾಶಿ ಅಳೆದು 2.65ರಿಂದ ಗುಣಿಸಿದ್ರೆ ಆರು ಟನ್ನೂ ಹತ್ತು ಟನ್ ಆಗಿ ಕಾಣುತ್ತೆ. ಸೇತುವೆ ಮೇಲೆ ತೂಗಿದ್ರೂ ಅದು ಹಸಿ ತೂಕ, ಲ್ಯಾಬ್ ಹೇಳೋದು ಒಣ ಅದಿರಿನ ಲೆಕ್ಕ. 6 ಪರ್ಸೆಂಟ್ ತೇವ ಇದ್ರೆ ಉಳಿಯೋದು 9.4 ಟನ್, ಚಿನ್ನ 75.2 ಗ್ರಾಂ, ಅದರಲ್ಲಿ ನಿಮ್ಮ ಮಿಲ್ಲು 85 ಪರ್ಸೆಂಟ್ ಹಿಡೀತು ಅನ್ಕೊಂಡ್ರೂ ಕೈಗೆ ಬರೋದು 64 ಗ್ರಾಂ. ಇನ್ನೂ ಒಡೆಸೋ ಖರ್ಚು, ಸಾಗಾಟ, ರಿಫೈನರಿಯವರ ಕಡಿತ ಯಾವುದೂ ಸೇರಿಸಿಲ್ಲ.

ಇದೆಲ್ಲ ಸಣ್ಣದು ಬಿಡು, ನನ್ನ ನಿಜವಾದ ತಕರಾರು ಆ 8ರ ಮೇಲೆ. ಲ್ಯಾಬಿನವರು ಫೈರ್ ಅಸ್ಸೇಗೆ, ಅಂದ್ರೆ ಪುಡಿ ಕರಗಿಸಿ ಚಿನ್ನ ಬೇರ್ಪಡಿಸಿ ಅಳೆಯೋ ಪರೀಕ್ಷೆಗೆ, ತಗೊಳ್ಳೋದು 30 ಗ್ರಾಂ ಪುಡಿ, ಹೆಚ್ಚಂದ್ರೆ 50. ಟನ್ನಿಗೆ 8 ಗ್ರಾಂ ಅಂದ್ರೆ ಆ 30 ಗ್ರಾಂ ಪುಡಿಯಲ್ಲಿ 240 ಮೈಕ್ರೋಗ್ರಾಂ ಚಿನ್ನ ಇದೆ ಅಂತ ಅರ್ಥ. ಈಗ 0.2 ಮಿಲಿಮೀಟರ್ ಉದ್ದಗಲ ಎತ್ತರದ ಒಂದು ಚಿನ್ನದ ಕಣ ಅನ್ಕೋ, ಕಣ್ಣು ಕಿರಿದು ಮಾಡಿ ನೋಡಿದ್ರೆ ಚುಕ್ಕಿ ಥರ ಕಾಣುತ್ತೆ ಅಷ್ಟೇ, ಆದ್ರೆ ಚಿನ್ನದ ಸಾಂದ್ರತೆ 19.3 ಇರೋದ್ರಿಂದ ಅದೊಂದೇ 154 ಮೈಕ್ರೋಗ್ರಾಂ ತೂಗುತ್ತೆ. ಅಂದ್ರೆ ಆ ಒಂದು ಕಣ ಚಮಚಕ್ಕೆ ಬಿದ್ರೆ ಟನ್ನಿಗೆ 5 ಗ್ರಾಂ, ಎರಡು ಬಿದ್ರೆ 10, ಒಂದೂ ಬೀಳದಿದ್ರೆ ಹೆಚ್ಚುಕಮ್ಮಿ ಸೊನ್ನೆ. ಅದಿರು ಒಂದೇ, ಪುಡಿ ಒಂದೇ, ಲ್ಯಾಬೂ ಸರಿಯಾಗೇ ಮಾಡಿರುತ್ತೆ. ಚಿನ್ನ ಮೆದು ಬೇರೆ, ಕಲ್ಲಿನ ಥರ ನುಣ್ಣಗೆ ಪುಡಿ ಆಗಲ್ಲ, ಅರೆದಷ್ಟೂ ಚಪ್ಪಟೆ ಆಗ್ತಾ ಹೋಗುತ್ತೆ. ಹಾಗಾಗಿ ಇಂಥ ಅದಿರಲ್ಲಿ ಸಣ್ಣ ಸ್ಯಾಂಪಲ್‌ಗಳು ಹೆಚ್ಚಿನ ಸಲ ಕಮ್ಮಿ ತೋರಿಸ್ತಾವೆ, ಅಪರೂಪಕ್ಕೊಮ್ಮೆ ಆಕಾಶಕ್ಕೆ ಹೋಗ್ತಾವೆ, ಮನುಷ್ಯ ಆ ಆಕಾಶದ ನಂಬರನ್ನೇ ಕಟ್ಟಿಸಿ ಗೋಡೆಗೆ ಹಾಕ್ಕೋತಾನೆ.

ಅದಕ್ಕೆ ಲ್ಯಾಬಿಗೆ ಫೋನ್ ಮಾಡಿ ಸ್ಕ್ರೀನ್ ಫೈರ್ ಅಸ್ಸೇ ಮಾಡಿ ಅಂತ ಹೇಳು. ಸುಮಾರು ಒಂದು ಕೆಜಿ ಪುಡಿ ಜರಡಿ ಹಿಡೀತಾರೆ, 106 ಮೈಕ್ರಾನ್ ಜರಡಿ ಸಾಮಾನ್ಯ, ಮೇಲೆ ಉಳಿದ ದಪ್ಪ ಭಾಗಾನ ಪೂರ್ತಿ ಕರಗಿಸ್ತಾರೆ, ಕೆಳಗೆ ಇಳಿದ ನುಣ್ಣನೆಯದನ್ನ ಎರಡು ಸಲ ಮಾಡ್ತಾರೆ, ತೂಕದ ಪ್ರಕಾರ ಸರಾಸರಿ ತೆಗೀತಾರೆ. ದಪ್ಪ ಭಾಗದಲ್ಲೇ ಚಿನ್ನ ಜಾಸ್ತಿ ಬಂದ್ರೆ ಸಾದಾ ಅಸ್ಸೇನ ಮುಂದೆ ನಂಬೋ ಹಾಗಿಲ್ಲ.

ಇನ್ನೊಂದು, ಆ ಕೆಜಿ ಪುಡಿ ರಾಶಿಯಿಂದ ಹೇಗೆ ಬಂತು? ಯಾರೋ ಸುತ್ತ ಓಡಾಡ್ಕೊಂಡು ಕೈಗೆ ಸಿಕ್ಕಿದ್ದು ಆರಿಸಿ ಚೀಲಕ್ಕೆ ಹಾಕಿದ್ರೆ ಆ ಸ್ಯಾಂಪಲ್ ಬರೀ ಆ ಮನುಷ್ಯನ ಕಣ್ಣಿನ ಸ್ಯಾಂಪಲ್, ಹೊಳೆಯೋ ಕಲ್ಲಿಗೇ ಕೈ ಹೋಗೋದು. ಮೊದ್ಲು ಸಣ್ಣಗೆ ಒಡೀಬೇಕು, ಆಮೇಲೆ ರಾಶಿನ ಸಮನಾಗಿ ಎರಡು ಪಾಲು ಮಾಡೋ ರಿಫಲ್ ಸ್ಪ್ಲಿಟರ್‌ನಲ್ಲಿ ಅರ್ಧ ಅರ್ಧ ಮಾಡ್ತಾ ಬರ್ಬೇಕು. ಪಿಯರ್ ಗಿ ಅಂತ ಫ್ರಾನ್ಸಿನ ಮನುಷ್ಯ ಇದಕ್ಕೊಂದು ಥಿಯರಿನೇ ಮಾಡಿಟ್ಟಿದ್ದಾನೆ, ಅವನ ಬೇಸಿಕ್ ಫಾರ್ಮುಲಾದಲ್ಲಿ ವೇರಿಯನ್ಸು, ಅಂದ್ರೆ ಸ್ಯಾಂಪಲ್ಲಿಂದ ಸ್ಯಾಂಪಲ್ಲಿಗೆ ನಂಬರು ಎಷ್ಟು ಏರುಪೇರಾಗುತ್ತೆ ಅನ್ನೋ ಅಳತೆ, ಕಲ್ಲಿನ ಗಾತ್ರದ ಘನಕ್ಕೆ ತಕ್ಕ ಹಾಗೆ ಹೋಗುತ್ತೆ, ಗಾತ್ರ ಅರ್ಧ ಮಾಡಿದ್ರೆ ವೇರಿಯನ್ಸು ಎಂಟನೇ ಒಂದು ಭಾಗ. ಚಿನ್ನದಲ್ಲಿ ಪೂರ್ತಿ ಅಷ್ಟು ಲಾಭ ಸಿಗಲ್ಲ, ಆದ್ರೂ ಕ್ರಷರ್‌ಗೆ ಹಾಕೋ ದುಡ್ಡು ಅಸ್ಸೇಗೆ ಹಾಕೋ ದುಡ್ಡಿಗಿಂತ ಎಷ್ಟೋ ಮೇಲು.

ಇಷ್ಟಕ್ಕೂ ಹತ್ತು ಟನ್ ಕೈಯಲ್ಲಿ ಇಟ್ಕೊಂಡು 30 ಗ್ರಾಂ ಮೇಲೆ ಯಾಕೆ ಜಗಳ ಆಡ್ಬೇಕು ಹೇಳು, ಬಲ್ಕ್ ಸ್ಯಾಂಪಲ್ ಅಂತ ಇಷ್ಟು ದೊಡ್ಡ ರಾಶಿ ತೆಗೆಯೋದೇ ಪೂರ್ತಿ ಅರೆದು ನೋಡೋಕೆ. ಇಡೀ ಹತ್ತು ಟನ್ ಮಿಲ್ಲಿಗೆ ಹಾಕ್ಸು, ಗ್ರಾವಿಟಿಯಲ್ಲಿ, ಅಂದ್ರೆ ಭಾರಕ್ಕೆ ತಳ ಸೇರಿ ಬೇರೆಯಾಗಿ, ಬಂದ ಚಿನ್ನ ತೂಗು, ಚಿನ್ನ ತೆಗೆದ ಮೇಲೆ ಹೊರಗೆ ಹೋಗೋ ಪುಡಿಯಿಂದ, ಅಂದ್ರೆ ಟೇಲಿಂಗ್ಸಿಂದ, ಗಂಟೆಗೆ ಇಷ್ಟು ಸಲ ಅಂತ ತಪ್ಪದೆ ಸ್ಯಾಂಪಲ್ ಹಿಡಿ. ಉದಾಹರಣೆಗೆ 52 ಗ್ರಾಂ ಶುದ್ಧ ಚಿನ್ನ ಬಂತು, ಟೇಲಿಂಗ್ಸಲ್ಲಿ ಟನ್ನಿಗೆ 1.1 ಗ್ರಾಂ ಉಳೀತು ಅನ್ನು, 9.4 ಟನ್ನಿಗೆ ಅದು 10.3 ಗ್ರಾಂ, ಒಟ್ಟು 62.3, ಭಾಗಿಸಿದ್ರೆ ಟನ್ನಿಗೆ 6.6. ಲ್ಯಾಬಿನ 8ಕ್ಕಿಂತ ಈ 6.6 ನನಗೆ ಬೇಕು. ಮಿಲ್ಲು ಶುರು ಮಾಡೋ ಮುಂಚೆ ಚಿನ್ನ ಇಲ್ದಿರೋ ಕಲ್ಲು ಒಂದಿಷ್ಟು ಓಡ್ಸು, ಹಿಂದಿನವರ ಚಿನ್ನ ಮಿಲ್ಲಿನ ಒಳಗೋಡೆಯ ಲೈನರ್ ಸಂದಿಯಲ್ಲಿ ಕೂತಿರುತ್ತೆ, ನಿಮ್ಮದೂ ಅಲ್ಲೇ ಕೂರುತ್ತೆ, ಕೊನೆಗೆ ಬಿಚ್ಚಿ ತೊಳೀಲೇಬೇಕು. ಚಿನ್ನ ಹಿಡಿಯೋಕೆ ಪಾದರಸ ಹಾಕೋಣ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬಾ, ಅದರ ಹೊಗೆ ತಗೊಳ್ತಾ ಹೋದ್ರೆ ಕೈ ನಡುಗೋಕೆ ಶುರುವಾಗುತ್ತೆ.

ಕರಗಿಸಿದ ಗಟ್ಟಿಯಲ್ಲಿ ಬೆಳ್ಳಿ ಸೇರಿರುತ್ತೆ, ಹಾಗಾಗಿ ಗಟ್ಟಿಯ ತೂಕದಿಂದ ಆ ಬೆಳ್ಳಿಯ ತೂಕ ಕಳೀಬೇಕು, ಆದ್ರೆ ಅಸ್ಸೇ ನಂಬರು ಶುದ್ಧ ಚಿನ್ನದ್ದೇ, ಅದರಿಂದ ಮತ್ತೆ ಕಳೀಬಾರ್ದು. ಚಿನ್ನದ ಲೆಕ್ಕದಲ್ಲಿ ಔನ್ಸ್ ಅಂದ್ರೆ 31.1 ಗ್ರಾಂ, ಸಾಮಾನ್ಯ ಔನ್ಸಿನ 28.35 ಅಲ್ಲ. ಹಳೇ ರಿಪೋರ್ಟುಗಳಲ್ಲಿ ಶಾರ್ಟ್ ಟನ್ನಿಗೆ (ಸುಮಾರು 907 ಕೆಜಿ) ಔನ್ಸ್ ಅಂತಿದ್ರೆ ಒಂದಕ್ಕೆ 34.3 ಗ್ರಾಂ ಪರ್ ಟನ್.

ಇಷ್ಟೆಲ್ಲ ಸರಿ ಬಂದ್ರೂ ನಿನಗೆ ಗೊತ್ತಾಗೋದು ಆ ಹತ್ತು ಟನ್ನಿನ ಬೆಲೆ ಮಾತ್ರ. ಗುಡ್ಡದಲ್ಲಿ ಅದು ನಾಲ್ಕು ಘನ ಮೀಟರೂ ಇಲ್ಲ, ಸಣ್ಣದೊಂದು ಬಚ್ಚಲುಮನೆಯಷ್ಟು. ಫೋಟೋದಲ್ಲಿ ಚಿನ್ನ ಇರೋ ಪದರ 30 ಸೆಂಟಿಮೀಟರ್ ದಪ್ಪ ಇದ್ದ ಹಾಗಿದೆ, ಮನುಷ್ಯ ನಿಂತು ಕೆಲ್ಸ ಮಾಡೋಕೆ ಒಂದು ಮೀಟರ್ ಅಗಲ ಅಗೀಲೇಬೇಕು, ಪಕ್ಕದ ಬಂಡೆಯಲ್ಲಿ ಏನೂ ಇಲ್ದಿದ್ರೆ ನಿಮ್ಮ 8 ಅಲ್ಲೇ 2.4ಕ್ಕೆ ಇಳೀತು. ನೀವು ಬರೀ ಪದರ ಕೆತ್ತಿ ತಂದಿದ್ರೆ ಅದು ಗಣಿಯ ಗ್ರೇಡ್ (ಟನ್ನಿಗೆ ಎಷ್ಟು ಗ್ರಾಂ ಅನ್ನೋ ಲೆಕ್ಕ) ಅಲ್ಲ. ಮತ್ತೆ ಮೇಲ್ಗಡೆ ಕಲ್ಲು ತುಕ್ಕು ಹಿಡಿದು ಕೆಂಪಾಗಿ ಚಿನ್ನ ಬಿಡಿಸ್ಕೊಂಡಿರುತ್ತೆ, ಕೆಳಗೆ ಹೋದ್ಮೇಲೆ ಪೈರೈಟು, ಆರ್ಸೆನೋಪೈರೈಟ್ ಅನ್ನೋ ಗಂಧಕದ ಖನಿಜಗಳ ಒಳಗೆ ಸಿಕ್ಕಾಕ್ಕೊಂಡಿದ್ರೆ ಗ್ರಾವಿಟಿಯಲ್ಲಿ ಬಿಡಿಸೋಕೆ ಆಗಲ್ಲ.

ನಿನ್ನ ಪಾರ್ಟ್ನರ್ ಮೇಲೆ ಅನುಮಾನ ಇದೆ ಅಂತ ಅಲ್ಲ. ಆದ್ರೂ ಇಂಡೋನೇಷ್ಯಾದ ಬುಸಾಂಗ್ ಕಥೆ ಓದು, ಬ್ರೆ-ಎಕ್ಸ್ ಅನ್ನೋ ಕೆನಡಾ ಕಂಪನಿ, ಒಡೆದ ಸ್ಯಾಂಪಲ್ಲಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಹೊರಗೆ ಬಂತು, ದೊಡ್ಡ ದೊಡ್ಡೋರೆಲ್ಲ ನಂಬಿದ್ರು. ಅದಕ್ಕೆ ಚೀಲಕ್ಕೆ ಸೀಲ್ ನೀನೇ ಹಾಕು, ಮಧ್ಯೆ ಮಧ್ಯೆ ಚಿನ್ನ ಇಲ್ದಿರೋ ಪುಡಿದೊಂದು ಚೀಲ, ಗ್ರೇಡ್ ಗೊತ್ತಿರೋ ಸ್ಟ್ಯಾಂಡರ್ಡ್ ಒಂದು, ಬರೀ ನಂಬರ್ ಬರ್ದು ಕಳ್ಸು, ಒಂದಷ್ಟು ಬೇರೆ ಲ್ಯಾಬಿಗೂ ಹೋಗ್ಲಿ. ಒಳ್ಳೇ ಪಾರ್ಟ್ನರ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಅಲ್ಲೀವರೆಗೂ ಯಾವ ಪೇಪರಿಗೂ ಸೈನ್ ಹಾಕ್ಬೇಡ. ತೂಕದ ಚೀಟಿ ಇದ್ರೆ ಅದರ ಫೋಟೋ, ಅಗೆದ ಜಾಗದಲ್ಲಿ ಟೇಪ್ ಇಟ್ಟು ಅಡ್ಡಕ್ಕೆ ತೆಗೆದ ಒಂದು ಫೋಟೋ ಕಳ್ಸು. ಲ್ಯಾಬಲ್ಲಿ ಉಳಿದಿರೋ ಪುಡಿ, ಒಡೆದು ಮಿಕ್ಕ ಕಲ್ಲು ಎರಡನ್ನೂ ಸ್ವಲ್ಪ ದಿನ ಇಟ್ಟು ಬಿಸಾಕ್ಬಿಡ್ತಾರೆ, ಬಿಸಾಕ್ಬೇಡಿ ಅಂತ ಇವತ್ತೇ ಹೇಳ್ಬಿಡು.

ಇಂತಿ ನಿನ್ನ
ದೊಡ್ಡಪ್ಪ